ಕ್ಷೌರಿಕ ನೆವ್ಜಾತ್ ಬಂದೂಕು ಆರಿಸಿದ ಶನಿವಾರ

ಕುಜ್ಲುಬೆಲ್ ಊರಿನಲ್ಲಿ ಯಾರ ಮುಂದೆ ಏನು ಬೇಕಾದರೂ ಹೇಳಬಹುದು. ಸಾಲ ಇದೆ ಅನ್ನಬಹುದು, ಮೂಲವ್ಯಾಧಿ ಇದೆ ಅನ್ನಬಹುದು, ಹೆಂಡತಿ ಹೊಡೆದಳು ಅಂತಲೂ ಅನ್ನಬಹುದು. "ನಾನೊಂದು ಬಂದೂಕು ಕೊಳ್ಳಬೇಕು" ಅಂತ ಮಾತ್ರ ಬಾಯಿ ಬಿಡಬಾರದು. ಕ್ಷೌರಿಕ ನೆವ್ಜಾತನಿಗೆ ಈ ವಿವೇಕ ನಲವತ್ತೊಂದು ವರ್ಷ ಭದ್ರವಾಗಿತ್ತು. ಆ ಶನಿವಾರ ಬೆಳಿಗ್ಗೆ ಎಂಟು ಗಂಟೆಗೆ, ಟೀ ಅಂಗಡಿಯ ಸೆಲಾಮಿಯ ಬಲಗೆನ್ನೆ ಬೋಳಿಸಿ ಎಡಗೆನ್ನೆಗೆ ನೊರೆ ಹಚ್ಚುವ ಹೊತ್ತಿಗೆ ಅದು ಕೈಕೊಟ್ಟಿತು.

"ಸೆಲಾಮಿ ಅಣ್ಣಾ, ಪರವಾನಗಿ ಬಂತು ಕಣಣ್ಣಾ! ಇವತ್ತೇ ತಗೊಂಬಿಡ್ತೀನಿ. ಆಟೋಮ್ಯಾಟಿಕ್ಕು!"

ಸೆಲಾಮಿ ಕನ್ನಡಿಯಲ್ಲೇ ಅವನನ್ನು ನೋಡಿದ. "ಯಾರ ಹತ್ರ?"

ನೆವ್ಜಾತನ ಕೈಯಲ್ಲಿದ್ದ ಬ್ರಶ್ಶು ಅಲ್ಲೇ ನಿಂತಿತು. ಪರವಾನಗಿ ಬಂದ ಸಂಭ್ರಮದಲ್ಲಿ ಆ ಒಂದು ಪ್ರಶ್ನೆಯನ್ನು ಅವನು ಯೋಚಿಸಿಯೇ ಇರಲಿಲ್ಲ.

"ಇನ್ನೂ... ನೋಡ್ಬೇಕು."

"ನೋಡ್ಬೇಕಾ!" ಸೆಲಾಮಿ ಕುರ್ಚಿಯಿಂದ ಜಿಗಿದೆದ್ದ. ಕುತ್ತಿಗೆಗೆ ಕಟ್ಟಿದ್ದ ಬಟ್ಟೆಯನ್ನೂ ಬಿಚ್ಚಲಿಲ್ಲ. "ಒಂದ್ನಿಮಿಷ ಇರು, ಒಲೆ ಮೇಲೆ ಹಾಲಿಟ್ಟಿದ್ದೆ" ಎಂದು ಅರ್ಧ ಗಡ್ಡದಲ್ಲೇ ಬೀದಿಗೆ ಓಡಿದ. ಅವನ ಅಂಗಡಿಯಲ್ಲಿ ಹಾಲು ಕಾಸಿದ್ದನ್ನು ಈ ಊರು ಕಂಡೇ ಇಲ್ಲ, ನಾವು ಕುಡಿಯುವುದೆಲ್ಲ ಕಪ್ಪು ಟೀ.

ನಮ್ಮದು ಬಂದೂಕಿನ ಊರು. ಬೇರೆ ಕಡೆ ಮನೆಗೊಂದು ಹಸು ಇದ್ದರೆ ನಮ್ಮಲ್ಲಿ ಮನೆಗೊಂದು ಲೇತ್ ಯಂತ್ರ. ಒಂದು ಮನೆಯವರು ಸ್ಪ್ರಿಂಗ್ ಸುತ್ತುತ್ತಾರೆ, ಪಕ್ಕದವರು ಬೋಲ್ಟು ಉಜ್ಜುತ್ತಾರೆ, ಎದುರು ಮನೆಯವರಿಗೆ ಬೆರಳಿನಿಂದ ಎಳೆಯುವ ಕುದುರೆ ಬಿಟ್ಟು ಬೇರೇನೂ ಗೊತ್ತಿಲ್ಲ. ಹೆಂಗಸರು ಕಿಟಕಿ ಬೆಳಕಿನಲ್ಲಿ ಕೂತು ಆಕ್ರೋಟಿನ ಮರದ ಹಿಡಿಗೆ ಸಣ್ಣ ಗೀರು ಕೊರೆಯುತ್ತಾರೆ. ಇವನ್ನೆಲ್ಲ ಕೂಡಿಸಿ ಬಂದೂಕು ಮಾಡುವ ದೊಡ್ಡ ಕಾರ್ಖಾನೆಗಳು ಎರಡು. ಮೇಲಿನ ಕೇರಿಯದು ರೆಮ್ಜಿ ಉಸ್ತಾನದು, ಕೆಳಗಿನ ಕೇರಿಯದು ಷಾಕಿರ್ ಉಸ್ತಾನದು. ಪಳಗಿದ ಕಸುಬುದಾರನನ್ನು ನಾವು ಉಸ್ತಾ ಅನ್ನುತ್ತೇವೆ.

ಜಗಳವೂ ಅಲ್ಲೇ ಇರುವುದು. ಒಂದು ತೋಟಾ ಹಾರಿದ ಮೇಲೆ ಎರಡನೆಯದು ತಾನಾಗಿ ಬಂದು ಕೂರಬೇಕಲ್ಲ, ಅದನ್ನು ಯಾವ ಶಕ್ತಿ ತಂದು ಕೂರಿಸಬೇಕು? ಮದ್ದಿನ ಹೊಗೆಯೇ ದೂಡಲಿ ಅನ್ನುತ್ತಾನೆ ರೆಮ್ಜಿ ಉಸ್ತಾ. ಬಂದೂಕು ಹಿಂದಕ್ಕೆ ಒದೆಯುತ್ತದಲ್ಲ, ಆ ಒದೆತವೇ ಸಾಕು ಅನ್ನುತ್ತಾನೆ ಷಾಕಿರ್ ಉಸ್ತಾ. ಇಷ್ಟಕ್ಕೆ ಹತ್ತೊಂಬತ್ತು ವರ್ಷದಿಂದ ಇಬ್ಬರಿಗೂ ಮಾತಿಲ್ಲ. ಊರು ಹೊಗೆಯವರು, ಒದೆಯವರು ಅಂತ ಎರಡು ಹೋಳಾಗಿದೆ. ಹೊಗೆಯವರ ಮನೆಯ ಹೆಣ್ಣನ್ನು ಒದೆಯವರು ಕೇಳುವುದಿಲ್ಲ, ಕೇಳಿದರೂ ಇವರು ಕೊಡುವುದಿಲ್ಲ. ಎರಡೂ ಪಕ್ಷದ ಗಡ್ಡ ಒಟ್ಟಿಗೆ ಬೀಳುತ್ತಿದ್ದ ಜಾಗ ಊರಿನಲ್ಲಿ ಒಂದೇ, ಅದು ನೆವ್ಜಾತನ ಅಂಗಡಿ. ಅವನ ಹಣೆಬರಹ ನೋಡಿ, ಹೆಂಡತಿ ಹಾಜೆರ್ ರೆಮ್ಜಿ ಉಸ್ತಾನ ಮಗಳು, ಅಂಗಡಿ ಷಾಕಿರ್ ಉಸ್ತಾನ ಕಟ್ಟಡದಲ್ಲಿದೆ. ಅತ್ತ ದರಿ, ಇತ್ತ ಪುಲಿ.

ಅದಕ್ಕೇ ಪಾಪ, ಬಂದೂಕಿನ ಊರಿನಲ್ಲಿ ಹುಟ್ಟಿಯೂ ಬಂದೂಕಿಲ್ಲದ ಏಕೈಕ ಗಂಡಸಾಗಿ ಉಳಿದುಬಿಟ್ಟಿದ್ದ. ಚಳಿಗಾಲದ ಭಾನುವಾರಗಳಲ್ಲಿ ಊರಿಗೆ ಊರೇ ಹೊಲ ಹಾಳುಮಾಡುವ ಕಾಡುಹಂದಿಗಳ ಬೇಟೆಗೆ ಹೊರಡುತ್ತದೆ. ಬಂದೂಕಿನವರು ಕಣಿವೆಯ ಬಾಯಲ್ಲಿ ತಮ್ಮ ತಮ್ಮ ನಂಬರಿನ ಜಾಗದಲ್ಲಿ ನಿಲ್ಲುತ್ತಾರೆ. ಮೀಸೆ ಬಾರದ ಹುಡುಗರೂ ನೆವ್ಜಾತನೂ ನಾಯಿಗಳ ಜೊತೆ ಮುಳ್ಳುಪೊದೆ ನುಗ್ಗಿ, ತಗಡು ಬಡಿದು, ಗಂಟಲು ಹರಿಯುವಂತೆ ಕೂಗಿ ಹಂದಿ ಎಬ್ಬಿಸಬೇಕು. ಇಪ್ಪತ್ತೆರಡು ವರ್ಷ ನೆವ್ಜಾತ್ ಕೂಗಿದ್ದಾನೆ. ಅವನು ಎಬ್ಬಿಸಿದ ಹಂದಿಗಳನ್ನು ಬೇರೆಯವರು ಹೊಡೆದು ಟೀ ಅಂಗಡಿಯಲ್ಲಿ ಕತೆ ಹೇಳುತ್ತಾರೆ. ಆ ಕತೆಗಳಲ್ಲಿ ಅವನ ಹೆಸರು ಒಂದು ಸಲವೂ ಬರುವುದಿಲ್ಲ. ಅದೇ ಅವನಿಗೆ ಉರಿ.

ಈ ವರ್ಷ ಮುದುಕ ಬೆದ್ರಿಯ ಮಂಡಿ ಕೆಟ್ಟು ನಾಲ್ಕನೇ ನಂಬರಿನ ಜಾಗ ಖಾಲಿಯಾಯಿತು. ನಾಲ್ಕನೆಯದೆಂದರೆ ಎರಡು ಬಂಡೆಗಳ ನಡುವಿನ ಕಿರುದಾರಿ, ಹಂದಿ ಬೇರೆಲ್ಲಿ ತಪ್ಪಿಸಿಕೊಂಡರೂ ಅಲ್ಲಿಗೆ ಬಂದೇ ಬರಬೇಕು. ಬೇಟೆಯ ಯಜಮಾನ ತಾಲಿಪ್, ಅರಣ್ಯದ ಕಾವಲುಗಾರನಾಗಿ ನಿವೃತ್ತನಾದವನು, ನೆವ್ಜಾತನನ್ನು ಕರೆದು ಹೇಳಿದ್ದ: "ಜಾಗ ನಿಂದೇ. ಆದ್ರೆ ನನ್ನ ಕಾನೂನು ಗೊತ್ತಲ್ಲ? ಶನಿವಾರ ಸಂಜೆ ನಮಾಜಿಗೆ ಮುಂಚೆ ಪಟ್ಟಿ ಓದ್ತೀನಿ. ಹೆಸರು ಕೂಗಿದಾಗ ಸ್ವಂತ ಬಂದೂಕು ಕೈಯಲ್ಲಿರ್ಬೇಕು. ಎರವಲು ನಡೆಯಲ್ಲ, ನಾಳೆ ತರ್ತೀನಿ ಅನ್ನೋದೂ ನಡೆಯಲ್ಲ. ಇಲ್ದಿದ್ರೆ ಜಾಗ ಮುಂದಿನವನಿಗೆ, ಆಮೇಲೆ ಅವನು ಸಾಯೋವರೆಗೂ ಅವನದ್ದೇ." ಪರವಾನಗಿ ಕೈಗೆ ಬಂದದ್ದು ಶುಕ್ರವಾರ ಸಂಜೆ. ಅದರಲ್ಲಿ ಬರೆದಿತ್ತು, ಒಬ್ಬನಿಗೆ ಒಂದು ಬಂದೂಕು ಅಂತ. ಹೊಗೆಯದೊಂದು ಒದೆಯದೊಂದು ಕೊಂಡು ಇಬ್ಬರನ್ನೂ ಸಮಾಧಾನ ಮಾಡುವ ದಾರಿಯನ್ನು ಸರ್ಕಾರವೇ ಮುಚ್ಚಿತ್ತು.

ಸೆಲಾಮಿ ಓಡಿ ಹತ್ತು ನಿಮಿಷವಾಗಿರಲಿಲ್ಲ, ಅಂಗಡಿಯ ಬಾಗಿಲಲ್ಲಿ ರೆಮ್ಜಿ ಉಸ್ತಾ ನಿಂತಿದ್ದ. ನಿನ್ನೆ ತಾನೇ ಬೋಳಿಸಿಕೊಂಡು ಹೋಗಿದ್ದ ಮಾವ ಇವತ್ತು ಮತ್ತೆ ಬಂದು ಕುರ್ಚಿಯಲ್ಲಿ ಕೂತ.

"ಬೋಳ್ಸಿ ಅಳಿಯಂದ್ರೇ."

"ಮಾವ, ಬೋಳಿಸೋಕೆ ಏನೂ ಇಲ್ವಲ್ಲ."

"ಇದ್ದದ್ದನ್ನ ಬೋಳ್ಸಿ. ಅಂದ್ಹಾಗೆ ಹನ್ನೊಂದು ಗಂಟೆಗೆ ಕಾರ್ಖಾನೆಗೆ ಬನ್ನಿ. ನಿಮಗೆ ಅಂತ್ಲೇ ಒಂದು ತೆಗೆದಿಟ್ಟಿದೀನಿ. ಹೊಡೆದ್ರೆ ಭುಜಕ್ಕೆ ಗೊತ್ತೇ ಆಗಲ್ಲ, ಅಜ್ಜಿ ಬೆನ್ನು ತಟ್ಟಿದ ಹಾಗಿರತ್ತೆ."

"ಮಾವ, ನಾನು ಇನ್ನೂ ನೋಡ್ಬೇಕು ಅಂತ..."

"ನೋಡಿ, ನೋಡಿ. ಎಲ್ಲಾನೂ ನೋಡಿ. ನನ್ನ ಮಗಳ್ನ ಕೊಡುವಾಗ ನೀವು ಬೇರೆ ನಾಲ್ಕು ಹೆಣ್ಣು ನೋಡಿದ್ರಿ, ನಾನೇನಾದ್ರೂ ಅಂದ್ನಾ?"

ಮಾವ ಹೋದ, ಷಾಕಿರ್ ಉಸ್ತಾ ಬಂದ. ಅವನು ಕೂರಲಿಲ್ಲ. ಗೋಡೆಯನ್ನು ಎರಡು ಸಲ ತಟ್ಟಿ ನೋಡಿದ, ತಾರಸಿ ನೋಡಿದ, ಬಾಗಿಲ ಚಿಲಕ ಅಲ್ಲಾಡಿಸಿದ.

"ಒಳ್ಳೇ ಅಂಗಡಿ ಕಣೋ ನೆವ್ಜಾತಾ. ಎಷ್ಟು ಜನ ಕೇಳ್ತಾರೆ ಗೊತ್ತಾ? ನಾನೇ ಕೊಡಲ್ಲ. ನಮ್ಮವನು ಅಂತ ಒಬ್ಬ ಇದಾನೆ ಅಂತೀನಿ. ಹನ್ನೆರಡಕ್ಕೆ ಬರ್ತೀಯಲ್ಲ?"

"ಬರ್ತೀನಿ ಉಸ್ತಾ."

"ಬಾ. ಬೇರೆ ಕಡೆನೂ ಹೋಗು, ನಂಗೇನು? ಒಲೆ ಇರೋ ಕಡೆ ಹೊಗೆ ಇರತ್ತೆ. ಅದನ್ನ ಬಂದೂಕಿನೊಳಗೂ ತುಂಬ್ಕೋಬೇಕು ಅಂದ್ರೆ ಅವನಿಷ್ಟ."

ಆಮೇಲೆ ಅಂಗಡಿಗೆ ಬಂದವರು ಯಾರೂ ಕ್ಷೌರಕ್ಕೆ ಬಂದವರಲ್ಲ. ಸ್ಪ್ರಿಂಗಿನ ಕೆರಿಮ್ ಬಂದು, ಯಾವುದನ್ನು ಕೊಂಡರೂ ಸ್ಪ್ರಿಂಗ್ ತನ್ನದೇ ಅಂತ ಹೇಳಿ ಹೋದ. ಇನ್ನೊಬ್ಬ ಅವನ ತೋಳಿನ ಉದ್ದ ಅಳೆದ. ಮತ್ತೊಬ್ಬ ಕೆನ್ನೆಯ ಮೂಳೆ ಮುಟ್ಟಿ ನೋಡಿ, "ಈ ಮುಖಕ್ಕೆ ಹಿಡಿ ಒಂದು ಬೆರಳು ತಗ್ಗಿರ್ಬೇಕು" ಅಂದ. ನೆವ್ಜಾತನಿಗೆ ಮೊದಲು ಗಾಬರಿಯಾಗಿತ್ತು. ಹತ್ತು ಗಂಟೆಯ ಹೊತ್ತಿಗೆ ಗಾಬರಿ ಹೋಗಿ ಖುಷಿ ಶುರುವಾಯಿತು. ಹುಟ್ಟಿದ ಮೇಲೆ ಇಷ್ಟು ಜನ ಅವನನ್ನು ವಿಚಾರಿಸಿದ್ದೇ ಇಲ್ಲ! ಅವನು ಅಂಗಡಿಗೆ ಬೀಗ ಹಾಕಿ, ಬಟ್ಟೆಗೆ ಹತ್ತಿದ ಕೂದಲನ್ನೂ ಕೊಡವದೆ ಮೇಲಿನ ಕೇರಿಗೆ ನಡೆದ. ಹಿಂದೆ ಹದಿನೈದು ಜನ ನಡೆದರು.

ಮಾವನ ಕಾರ್ಖಾನೆಯ ಹಿಂದಿನ ಗುಂಡಿಯಲ್ಲಿ ಹಳೇ ಹಂಡೆಯೊಂದನ್ನು ನೇತುಹಾಕಿದ್ದರು. ಬಂದೂಕು ಹೊಳೆಯುತ್ತಿತ್ತು, ಪಕ್ಕಕ್ಕೆ ಒಂದು ಕೌಜುಗದ ಚಿತ್ರ ಕೊರೆದಿತ್ತು. ನೆವ್ಜಾತ್ ಕುದುರೆ ಎಳೆದ. ಢಂ, ಢಂ, ಢಂ! ಮೂರು ತೋಟಾ ಹೇಗೆ ಹೋದವು ಅಂತ ಅವನಿಗೇ ತಿಳಿಯಲಿಲ್ಲ, ಹಂಡೆ ಮಾತ್ರ ಜಾಲರಿಯಾಗಿತ್ತು.

"ಮಾವಾ! ಭುಜಕ್ಕೆ ಏನೂ ಆಗ್ಲೇ ಇಲ್ಲ ಮಾವಾ!"

"ನಾನು ಏನು ಹೇಳ್ದೆ?" ರೆಮ್ಜಿ ಉಸ್ತಾ ಮೀಸೆ ತಿರುವಿದ. "ನಲವತ್ತು ಹೊಡೀರಿ, ಸಾಯಂಕಾಲ ಅದೇ ಕೈಯಲ್ಲಿ ಮಗೂನ ತೂಗಬಹುದು."

ನೆವ್ಜಾತ್ ಆಗಲೇ ಸರಿ ಅಂದುಬಿಡುತ್ತಿದ್ದ. ಆದರೆ ಹನ್ನೆರಡಕ್ಕೆ ಮಾತು ಕೊಟ್ಟಿದ್ದನಲ್ಲ. ನೋಡಿ ಬಂದುಬಿಡುತ್ತೇನೆ ಎಂದು ಕೆಳಗಿನ ಕೇರಿಗೆ ಇಳಿದ. ಈಗ ಹಿಂದೆ ಮೂವತ್ತು ಜನ.

ಷಾಕಿರ್ ಉಸ್ತಾ ಮೂಲೆಯಿಂದ ಒಂದು ಬಂದೂಕನ್ನು ತಂದು ಅವನ ಕೈಗಿಟ್ಟ. ಚಿತ್ರವಿಲ್ಲ, ಚಿನ್ನದ ಗೆರೆಯಿಲ್ಲ, ಕರೀ ನಳಿಗೆ ಮತ್ತು ಮಬ್ಬು ಬಣ್ಣದ ಮರ, ಅಷ್ಟೇ. ಎತ್ತಿದರೆ ಹಗುರ. ಭುಜಕ್ಕಿಟ್ಟ ಕೂಡಲೇ ಕೆನ್ನೆ ಹೋಗಿ ಅದರ ಜಾಗದಲ್ಲಿ ತಾನಾಗಿ ಕೂತಿತು, ಕಣ್ಣು ನಳಿಗೆಯ ಮೇಲೆ ತಾನಾಗಿ ಹರಿಯಿತು. ನೆವ್ಜಾತ್ ಕುದುರೆ ಎಳೆದ. ಎಳೆದವನು ಎರಡು ಹೆಜ್ಜೆ ಹಿಂದಕ್ಕೆ ಹೋಗಿ, ತೋಟಾ ತುಂಬಿದ ಪೆಟ್ಟಿಗೆಯ ಮೇಲೆ ಕುಕ್ಕರಿಸಿ, ಅಲ್ಲಿಂದಲೇ ಉಳಿದೆರಡನ್ನೂ ಹೊಡೆದ. ಮೂರೂ ಗುರಿಗೆ ಬಿದ್ದಿದ್ದವು.

"ಒದೀತದೆ," ಅಂದ ಷಾಕಿರ್ ಉಸ್ತಾ ಶಾಂತವಾಗಿ. "ಒದೆಯೋದಕ್ಕೇ ಇರೋದು. ಹಂದಿ ಬಂದಾಗ ನಿದ್ದೆ ಮಾಡಬಾರ್ದು ನೋಡು."

ನೆವ್ಜಾತ್ ಭುಜ ಒತ್ತಿಕೊಳ್ಳುತ್ತ ನಗುತ್ತಿದ್ದ. ಅದು ನೋವಿನ ನಗುವಲ್ಲ. ಇದೇ, ಇದೇ ನನ್ನ ಬಂದೂಕು, ಅಂತ ಅವನ ಮನಸ್ಸು ಕುಣಿಯುತ್ತಿತ್ತು. ಕುಣಿದ ಮನಸ್ಸಿಗೆ ಮರುಕ್ಷಣವೇ ಮಾವನ ಮೀಸೆ ನೆನಪಾಯಿತು. ಬಿಸಿ ತುಪ್ಪ, ನುಂಗುವ ಹಾಗಿಲ್ಲ, ಉಗುಳುವ ಹಾಗಿಲ್ಲ.

ಊಟಕ್ಕೆ ಮನೆಗೆ ಹೋದಾಗ ಹಾಜೆರ್ ಕಿಟಕಿಯ ಬಳಿ ಮರದ ಹಿಡಿಯೊಂದನ್ನು ತೊಡೆಯ ಮೇಲಿಟ್ಟು ಗೀರು ಕೊರೆಯುತ್ತಿದ್ದಳು. ಗಂಡನ ಮುಖ ನೋಡಿದವಳೇ ಉಳಿ ಕೆಳಗಿಟ್ಟಳು.

"ಷಾಕಿರ್ ಉಸ್ತಾಂದು ಮನಸ್ಸಿಗೆ ಬಂತಾ?"

"ನಿಂಗೆ ಯಾರು ಹೇಳಿದ್ರು?"

"ನನ್ನ ನೋಡೋಕೆ ಬಂದಾಗ ಹಿಂಗೇ ಮುಖ ಮಾಡ್ಕೊಂಡಿದ್ರಿ. ಸರಿ, ತಗೊಳ್ಳಿ. ಆದ್ರೆ ನಮ್ಮಪ್ಪಂಗೆ ನೀವೇ ಹೇಳ್ಕೋಬೇಕು. ರಂಜಾನ್ ಹಬ್ಬಕ್ಕೆ ಅವರ ಮನೇಲಿ ಊಟಕ್ಕೆ ಕೂತಾಗ ಏನು ಬಡಿಸ್ತಾರೆ ಅಂತ ನಂಗೊತ್ತಿಲ್ಲ."

"ಹಾಗಾದ್ರೆ ಅಪ್ಪಂದೇ ತಗೊಳ್ಳಾ?"

"ತಗೊಳ್ಳಿ. ಆಮೇಲೆ ಅಂಗಡೀನ ನಮ್ಮ ಕೋಳಿಗೂಡಿನಲ್ಲಿ ಇಟ್ಕೊಳ್ಳಿ. ಕೋಳಿಗಳಿಗೂ ಕ್ಷೌರ ಬೇಕು ಪಾಪ."

ತಾರ್ಹಾನಾ ಸೂಪಿನ ಬಟ್ಟಲನ್ನು ಪಕ್ಕಕ್ಕೆ ಸರಿಸಿದ. ಅರ್ಧಕ್ಕೇ ಎದ್ದು ಅಂಗಡಿಗೆ ಬಂದರೆ ಬೀಗದ ಮುಂದೆ ಸೆಲಾಮಿ ಕಾಯುತ್ತಿದ್ದ. ಉಳಿದ ಅರ್ಧ ಗಡ್ಡವನ್ನು ಬೋಳಿಸಿದ ಮೇಲೆ ಅವನು ಮಹಾ ಜ್ಞಾನಿಯ ಹಾಗೆ ಬೆರಳೆತ್ತಿದ.

"ಇದು ಮನುಷ್ಯರಿಂದ ಆಗೋ ಕೆಲಸ ಅಲ್ಲ ಕಣೋ. ಇಸ್ತಿಹಾರೆ ಮಾಡು. ಕೈಕಾಲು ತೊಳ್ಕೊಂಡು ನಮಾಜ್ ಮಾಡಿ, 'ದೇವರೇ, ನಂಗೆ ಯಾವುದು ಒಳ್ಳೇದೋ ತೋರ್ಸು' ಅಂತ ಬೇಡ್ಕೊಂಡು ಮಲಗು. ಕನಸಿನಲ್ಲಿ ತಿಳಿಯತ್ತೆ. ನಮ್ಮ ಚಿಕ್ಕಮ್ಮ ಹೀಗೇ ಮಾಡಿ ಟ್ರ್ಯಾಕ್ಟರ್ ತಗೊಂಡಳು."

"ಅದನ್ನ ರಾತ್ರಿ ಅಲ್ವಾ ಮಾಡೋದು?"

"ರಾತ್ರಿವರೆಗೆ ತಾಲಿಪ್ ಕಾಯ್ತಾನಾ? ದೇವರಿಗೆ ಹಗಲೂ ಒಂದೇ ರಾತ್ರೀನೂ ಒಂದೇ. ಮಲಗು!"

ಮುಳುಗುವವನಿಗೆ ಹುಲ್ಲುಕಡ್ಡಿ ಆಸರೆ. ನೆವ್ಜಾತ್ ಮೂಲೆಯಲ್ಲಿ ಚಾಪೆ ಹಾಸಿ ನಮಾಜ್ ಮಾಡಿ, ಕ್ಷೌರದ ಕುರ್ಚಿಯನ್ನು ಹಿಂದಕ್ಕೆ ಬಾಗಿಸಿ, ಮುಖಕ್ಕೆ ಟವೆಲ್ ಹಾಕಿಕೊಂಡು ಮಲಗಿದ. ಬೆಳಿಗ್ಗೆಯಿಂದ ಅಲೆದದ್ದಕ್ಕೋ ಏನೋ ನಿದ್ದೆಯೂ ಬಂತು. ಎದ್ದು ನೋಡುತ್ತಾನೆ, ಗಾಜಿಗೆ ಮೂಗು ಒತ್ತಿಕೊಂಡು ಅರ್ಧ ಊರು ಹೊರಗೆ ನಿಂತಿದೆ! ಬಲಗಡೆ ಹೊಗೆಯವರು, ಎಡಗಡೆ ಒದೆಯವರು. ಸೆಲಾಮಿ ಟ್ರೇ ಹಿಡಿದು ಟೀ ಮಾರುತ್ತಿದ್ದ.

"ಏನು ಕಂಡೆ? ಏನು ಕಂಡೆ?"

ನೆವ್ಜಾತ್ ಕಣ್ಣುಜ್ಜಿಕೊಂಡ. "ಒಂದು ಆಡು."

"ಏನ್ಮಾಡ್ತು ಆಡು?"

"ಟೀ ಕಾಸೋ ಒಲೇನ ಒದೀತು."

ಎಡಗಡೆಯಿಂದ ಹೋ ಎಂದು ಕೂಗೆದ್ದಿತು. "ಒದೀತು! ಕೇಳಿದ್ರಾ? ಒದೀತಂತೆ! ತೀರ್ಮಾನ ಆಯ್ತು!"

"ತಡೀರಿ ತಡೀರಿ," ಎಂದ ಬಲಗಡೆಯ ಒಬ್ಬ. "ಒದ್ದ ಮೇಲೆ ಏನಾಯ್ತು?"

"ಅಂಗಡಿ ತುಂಬಾ ಹೊಗೆ ತುಂಬ್ಕೊಳ್ತು."

ಈಗ ಬಲಗಡೆಯವರು ಟೋಪಿ ಹಾರಿಸಿದರು. ಆಡಿನ ಬಣ್ಣ ಏನು ಅಂತ ವಾದವಾಯಿತು. ಬಿಳಿಯಾದರೆ ಶುಭ, ಕಪ್ಪಾದರೆ ಅಶುಭ. ಆಡು ಅರ್ಧ ಬಿಳಿ, ಅರ್ಧ ಕಪ್ಪು. ಮುಖ ಯಾವ ಬಣ್ಣ, ಹಿಂಭಾಗ ಯಾವ ಬಣ್ಣ, ಒದ್ದದ್ದು ಯಾವ ಬಣ್ಣದ ಕಾಲಿನಲ್ಲಿ ಎಂದು ಕೇಳಿ ಕೇಳಿ ಅವನ ತಲೆ ಚಿಟ್ಟು ಹಿಡಿಯಿತು. ಕೊನೆಗೆ ಒಬ್ಬ ಒದೆಯವನು ಒಬ್ಬ ಹೊಗೆಯವನ ಕಾಲರ್ ಹಿಡಿದ.

ಆಗ ನೆವ್ಜಾತನಿಗೆ ಸಿಟ್ಟು ಬಂತು. ನಲವತ್ತೊಂದು ವರ್ಷದಲ್ಲಿ ಬಾರದ ಸಿಟ್ಟು ಒಟ್ಟಿಗೇ ಬಂತು ಅನ್ನಿ. ಕುರ್ಚಿಯ ಮೇಲೆ ಹತ್ತಿ ನಿಂತ.

"ಸಾಕು ನಿಲ್ಸ್ರೋ! ಇಪ್ಪತ್ತೆರಡು ವರ್ಷ ನಿಮಗೆಲ್ಲ ಹಂದಿ ಎಬ್ಬಿಸಿದೀನಿ. ಮುಳ್ಳು ಹೊಕ್ಕು ನನ್ನ ಮೈಯೆಲ್ಲ ಜರಡಿ ಆಗಿದೆ. ಬಂದೂಕು ನಂದು, ಭುಜ ನಂದು, ನನಗೆ ಯಾವುದು ಬೇಕೋ ಅದನ್ನೇ ತಗೋತೀನಿ. ಯಾರಿಗೆ ಬೇಜಾರಾಗತ್ತೋ ಅವರು ಗಡ್ಡ ಬಿಡ್ಲಿ!"

ಜನ ದಂಗಾಗಿ ದಾರಿ ಬಿಟ್ಟರು. ಅವನು ನೇರವಾಗಿ ಕೆಳಗಿನ ಕೇರಿಗೆ ನಡೆದು ಷಾಕಿರ್ ಉಸ್ತಾನ ಮುಂದೆ ದುಡ್ಡಿಟ್ಟು, ಕರೀ ಬಂದೂಕನ್ನು ಚರ್ಮದ ಬಾರಿನ ಸಮೇತ ಹೆಗಲಿಗೇರಿಸಿ, ರಶೀದಿ ಜೇಬಿಗಿಟ್ಟು ಹೊರಬಂದ. ಹೊರಬಂದವನಿಗೆ ಕಾಲು ನೆಲದ ಮೇಲಿರಲಿಲ್ಲ. ಬೀದಿಯ ಕಿಟಕಿ ಕಿಟಕಿಯಲ್ಲೂ ತನ್ನ ನೆರಳನ್ನು ನೋಡಿಕೊಂಡು ನಡೆದ. ಹೆಗಲ ಮೇಲೆ ನಳಿಗೆ ಇರುವ ನೆರಳು! ನಾಳೆ ನಾಲ್ಕನೇ ಜಾಗ. ಎರಡು ಬಂಡೆಯ ನಡುವೆ ತಾನು. ಹಂದಿ ಬರುತ್ತದೆ, ಢಂ ಅನ್ನುತ್ತದೆ, ಸಂಜೆ ಟೀ ಅಂಗಡಿಯಲ್ಲಿ ಕತೆ ಶುರುವಾಗುತ್ತದೆ, "ನಮ್ಮ ನೆವ್ಜಾತ್ ಇದಾನಲ್ಲ..." ಅಂತ. ಅವನಿಗೆ ಅಳು ಬರುವಷ್ಟು ಸಂತೋಷವಾಯಿತು.

ಟೀ ಅಂಗಡಿಗೆ ಬಂದಾಗ ಪಟ್ಟಿ ಓದಲು ಇನ್ನೂ ಮುಕ್ಕಾಲು ಗಂಟೆ ಇತ್ತು. ಒಳಗೆ ಕಾಲಿಡಲು ಜಾಗವಿಲ್ಲ. ಒಲೆಯ ಪಕ್ಕದ ಮೇಜಿನಲ್ಲಿ ರೆಮ್ಜಿ ಉಸ್ತಾ ಒಬ್ಬನೇ ಕೂತಿದ್ದ. ಅಳಿಯನ ಹೆಗಲ ಮೇಲಿದ್ದದ್ದನ್ನು ನೋಡಿದ. ಟೀ ಲೋಟದಲ್ಲಿ ಚಮಚ ಆಡಿಸುತ್ತಿದ್ದವರೆಲ್ಲ ಕೈ ನಿಲ್ಲಿಸಿದರು.

"ತನ್ನಿ ಇಲ್ಲಿ," ಅಂದ ಮಾವ.

ನೆವ್ಜಾತ್ ಹೆಗಲಿಂದ ಇಳಿಸಿ ಕೊಟ್ಟ. ರೆಮ್ಜಿ ಉಸ್ತಾ ತೋಟಾ ಇಲ್ಲವೆಂದು ನೋಡಿಕೊಂಡು, ಬಂದೂಕನ್ನು ಭುಜಕ್ಕಿಟ್ಟು, ಇಳಿಸಿ, ಬೋಲ್ಟು ಎಳೆದು ಬಿಟ್ಟ. ಕಿವಿಯ ಹತ್ತಿರ ಹಿಡಿದು ಇನ್ನೊಂದು ಸಲ ಎಳೆದು ಬಿಟ್ಟ. ಕಣ್ಣು ಮುಚ್ಚಿ ಕೇಳಿದ. ಬಾಗಿಲಲ್ಲಿ ಷಾಕಿರ್ ಉಸ್ತಾ ಬಂದು ನಿಂತದ್ದು ಅವನಿಗೆ ಕಾಣಲಿಲ್ಲ.

"ಕೆಲಸ ಚೆನ್ನಾಗಿದೆ," ಅಂದ ರೆಮ್ಜಿ ಉಸ್ತಾ. "ಸುಳ್ಳು ಯಾಕೆ ಹೇಳ್ಲಿ, ಷಾಕಿರನ ಕೈ ಚೆನ್ನಾಗಿದೆ."

ಹತ್ತೊಂಬತ್ತು ವರ್ಷದ ಮೇಲೆ ಅವನ ಬಾಯಲ್ಲಿ ಆ ಹೆಸರು ಬಂದಿತ್ತು. ಷಾಕಿರ್ ಉಸ್ತಾ "ರೆಮ್ಜಿ ಅಣ್ಣಾ," ಎಂದು ಮೇಜುಗಳನ್ನು ಸರಿಸಿಕೊಂಡು ಬಂದು ಅವನ ಕೈಯನ್ನು ಕಣ್ಣಿಗೊತ್ತಿಕೊಂಡ. ಇಬ್ಬರೂ ತಬ್ಬಿಕೊಂಡರು. ಟೀ ಅಂಗಡಿ ಚಪ್ಪಾಳೆ ಹೊಡೆಯಿತು, ಯಾರೋ ಸಿಳ್ಳೆ ಹಾಕಿದರು, ಸೆಲಾಮಿ ಏಪ್ರನ್ನಿನಲ್ಲಿ ಮೂಗು ಒರೆಸಿಕೊಂಡ. "ಎಲ್ಲಾ ನೆವ್ಜಾತನಿಂದ! ಮಾಷಲ್ಲಾ!" ಎಂದು ಅವನ ನೋಯುವ ಭುಜವನ್ನೇ ಹುಡುಕಿ ತಟ್ಟಿದರು. ಹೊಸ ಬಂದೂಕಿನ ಲೆಕ್ಕದಲ್ಲಿ ಎಲ್ಲರಿಗೂ ಅವನದೇ ಟೀ, ಅದು ನಮ್ಮ ಪದ್ಧತಿ. ನೆವ್ಜಾತ್ ಸಂಭ್ರಮದಿಂದ ಒಪ್ಪಿದ. ಹೆಂಡತಿಯೂ ಉಳಿದಳು, ಅಂಗಡಿಯೂ ಉಳಿಯಿತು, ಬಂದೂಕೂ ಸಿಕ್ಕಿತು. ಅವನಂಥ ಅದೃಷ್ಟವಂತ ಆ ಗಳಿಗೆಯಲ್ಲಿ ಇಡೀ ಸೀಮೆಯಲ್ಲೇ ಇರಲಿಲ್ಲ.

"ಒಂದೇ ಮಾತು ಷಾಕಿರಾ," ಅಂದ ರೆಮ್ಜಿ ಉಸ್ತಾ ಕಣ್ಣೊರೆಸಿಕೊಳ್ಳುತ್ತ. "ಬೇಜಾರು ಮಾಡ್ಕೋಬೇಡ. ಬೋಲ್ಟು ವಾಪಸ್ ಬರುವಾಗ ಒಂದು ಕೂದಲೆಳೆಯಷ್ಟು ಉಜ್ಜತ್ತೆ."

ಬೇರೆ ದಿನವಾದರೆ ಕೊಲೆಯಾಗುತ್ತಿತ್ತು. ಷಾಕಿರ್ ಉಸ್ತಾನ ಮನಸ್ಸು ಬೆಣ್ಣೆಯಾಗಿತ್ತು. "ನೀನು ಹೇಳಿದ್ಮೇಲೆ ಇರ್ಬೇಕಣ್ಣಾ. ಬಿಚ್ಚಿ ನೋಡೋಣ್ವಾ?"

"ಮಾವ, ಬೇಡ, ಅದು ಹಾಗೇ ಇರ್ಲಿ," ಅಂದ ನೆವ್ಜಾತ್.

"ನೀವು ಸುಮ್ನಿರಿ ಅಳಿಯಂದ್ರೇ. ಟೀ ಕುಡೀರಿ."

ಮೇಜಿನ ಮೇಲೆ ಪೇಪರ್ ಹಾಸಿದರು. ನಮ್ಮೂರಿನವರ ಮುಂದೆ ಬಂದೂಕು ಬಿಚ್ಚಿದರೆ ಮುಗಿಯಿತು, ಮದುವೆಮನೆಯಲ್ಲಿ ಊಟದ ಬಾಗಿಲು ತೆಗೆದ ಹಾಗೆ. ಎಲ್ಲರ ತಲೆಗಳೂ ಮೇಜಿನ ಮೇಲೆ ಬಾಗಿದವು. ಬೋಲ್ಟನ್ನು ರೆಮ್ಜಿ ಉಸ್ತಾ ಬೆಳಕಿಗೆ ಹಿಡಿದು ನೋಡಿ, "ಇದನ್ನ ನಾನೇ ಉಜ್ಜಿ ಕೊಡ್ತೀನಿ. ನನ್ನ ಅಳಿಯನಿಗೆ ನನ್ನದೂ ಒಂದು ಕೈ ಇರ್ಲಿ" ಎಂದು ಕರವಸ್ತ್ರದಲ್ಲಿ ಸುತ್ತಿಕೊಂಡ. ಕೆರಿಮ್ ಸ್ಪ್ರಿಂಗನ್ನು ಎಳೆದು ನೋಡಿ, "ಛೇ, ಇದು ನನ್ನ ಹೋದ ವರ್ಷದ್ದು. ನೆವ್ಜಾತನಿಗೆ ಹಳೇದಾ? ಹೊಸದು ಸುತ್ತಿ ಕೊಡ್ತೀನಿ" ಎಂದು ಜೇಬಿಗಿಳಿಸಿದ. ಕುದುರೆಯ ಮನೆಯವನು ಕುದುರೆ ತೆಗೆದುಕೊಂಡ. ನಳಿಗೆಯ ಮನೆಯ ಮುದುಕ "ಒಳಗಡೆ ಇನ್ನೂ ಹೊಳೀಬೇಕು" ಎಂದು ನಳಿಗೆಯನ್ನು ಕಂಕುಳಲ್ಲಿ ಸಿಕ್ಕಿಸಿದ. ಹಿಡಿ ಒಂದು ಬೆರಳು ತಗ್ಗಿಸಬೇಕೆಂದು ಬೆಳಿಗ್ಗೆಯೇ ತೀರ್ಮಾನಿಸಿದ್ದವನು ಬಿಡುತ್ತಾನೆಯೇ? ಒಂದು ಸ್ಕ್ರೂ ಸಿಕ್ಕವನು ಸ್ಕ್ರೂವನ್ನೇ ಮಗುವಿನ ಹಾಗೆ ಅಂಗೈಯಲ್ಲಿಟ್ಟುಕೊಂಡ.

"ಅಯ್ಯೋ ಅಣ್ಣಂದಿರಾ, ಇವತ್ತು ಬೇಡ! ತಾಲಿಪ್ ಬರ್ತಾನೆ!" ನೆವ್ಜಾತ್ ಒಬ್ಬನ ತೋಳು ಹಿಡಿದರೆ ಇನ್ನೊಬ್ಬ ಜಾರಿಕೊಂಡ.

"ಊರಿನ ಮಾನ ಇದೆ ಕಣಯ್ಯಾ ಇದರಲ್ಲಿ! ನಾಲ್ಕನೇ ಜಾಗದಲ್ಲಿ ನಿಲ್ಲೋ ಬಂದೂಕು ಇದು!"

"ಹೊಗೆಯೋರೂ ಒದೆಯೋರೂ ಕೂಡಿ ಮಾಡಿದ್ದು ಅಂತ ಕೊನ್ಯಾ ಪಟ್ಟಣದವರೆಗೂ ಸುದ್ದಿ ಆಗತ್ತೆ!"

"ಇಂಥಾದ್ದು ಸುಲ್ತಾನರ ಹತ್ರಾನೂ ಇರಲ್ಲ ನೋಡ್ತಿರು!"

ಎಲ್ಲರ ಕಣ್ಣೂ ಹೊಳೆಯುತ್ತಿದ್ದವು. ಪ್ರೀತಿ ಉಕ್ಕಿದ ಜನವನ್ನು ತಡೆಯುವುದು ಸಿಟ್ಟು ಬಂದ ಜನವನ್ನು ತಡೆದ ಹಾಗಲ್ಲ. ಹತ್ತು ನಿಮಿಷದಲ್ಲಿ ಅವರಲ್ಲಿ ಬಹುಪಾಲು ಜನ ಟೀ ಮುಗಿಸಿ, ಕೆಲಸ ಶುರುಮಾಡುವ ಆತುರದಲ್ಲಿ ಒಬ್ಬೊಬ್ಬರಾಗಿ ಮನೆ ಕಡೆ ಓಡಿದರು. ಪೇಪರಿನ ಮೇಲೆ ಎಣ್ಣೆಯ ಕಲೆ ಉಳಿದಿತ್ತು. ನೆವ್ಜಾತನ ಕೈಯಲ್ಲಿ ಹೆಗಲಿಗೆ ಹಾಕುವ ಚರ್ಮದ ಬಾರು ಉಳಿದಿತ್ತು, ಅದಕ್ಕೆ ವಾರಸುದಾರರು ಯಾರೂ ಇರಲಿಲ್ಲ.

ಆಗ ತಾಲಿಪ್ ಪುಸ್ತಕ ಹಿಡಿದು ಬಂದ. ಕನ್ನಡಕ ಏರಿಸಿ ಓದಿದ. ಒಂದು, ಎರಡು, ಮೂರು.

"ನಾಲ್ಕು, ನೆವ್ಜಾತ್. ಬಂದೂಕು?"

"ಇದೆ!" ಎಂದು ಉಳಿದಿದ್ದ ನಾಲ್ಕಾರು ಜನ ಒಂದೇ ದನಿಯಲ್ಲಿ ಕೂಗಿದರು. ರೆಮ್ಜಿ ಉಸ್ತಾನ ದನಿ ಎಲ್ಲಕ್ಕಿಂತ ಜೋರಾಗಿತ್ತು.

"ಎಲ್ಲಿ?"

ನೆವ್ಜಾತ್ ಬಾರನ್ನೆತ್ತಿ ತೋರಿಸಿದ. ರಶೀದಿಯನ್ನೂ ತೋರಿಸಿದ. ತಾಲಿಪ್ ಕನ್ನಡಕದ ಮೇಲಿನಿಂದ ನೋಡಿದ.

"ಇದರಿಂದ ಹಂದೀನ ಕಟ್ಟಿ ಹಾಕ್ತೀಯಾ?"

"ಬಂದೂಕು ಊರಲ್ಲೇ ಇದೆ ತಾಲಿಪ್ ಅಣ್ಣಾ! ಹದಿಮೂರು ಮನೇಲಿದೆ! ಮಾವ, ಬೋಲ್ಟು ಕೊಡಿ ಮಾವ, ನಿಮ್ಮ ದಮ್ಮಯ್ಯ ಅಂತೀನಿ, ಎಲ್ಲರನ್ನೂ ಕರೆಸಿ ಜೋಡಿಸ್ಬಿಡೋಣ."

ರೆಮ್ಜಿ ಉಸ್ತಾ ಕರವಸ್ತ್ರದ ಗಂಟನ್ನು ಎದೆಗವುಚಿಕೊಂಡ. ಅವನಿಗೆ ನಿಜವಾಗಿ ನೋವಾಗಿತ್ತು. "ಅರ್ಧ ಕೆಲಸ ನನ್ನ ಕೈಯಿಂದ ಆಚೆ ಹೋಗಲ್ಲ ಅಳಿಯಂದ್ರೇ. ಐವತ್ತು ವರ್ಷದಲ್ಲಿ ಹೋಗಿಲ್ಲ. ಅದೂ ನಿಮ್ಮ ಬಂದೂಕು!"

"ನಾಳೆ ಬೆಳಿಗ್ಗೆಗಾದ್ರೂ..."

"ಬೆಳಿಗ್ಗೆಗಾ?" ಷಾಕಿರ್ ಉಸ್ತಾ ಮೆಲ್ಲಗೆ ಅವನ ಬೆನ್ನು ಸವರಿದ. "ನೆವ್ಜಾತಾ, ಹದಿಮೂರು ಜನ ತಿದ್ದಿದ ಮೇಲೆ ಅದು ಒಂದಕ್ಕೊಂದು ಕೂರ್ಬೇಕಲ್ಲಪ್ಪಾ. ಬೇಸಿಗೆವರೆಗೆ ಹಿಡೀತದೆ."

ತಾಲಿಪ್ ಪೆನ್ಸಿಲ್ಲಿನಿಂದ ನೆವ್ಜಾತನ ಹೆಸರಿಗೆ ಗೆರೆ ಹೊಡೆದು, ಜಾಗಕ್ಕೆ ಕಾದಿದ್ದವರಲ್ಲಿ ಮುಂದಿನ ಹೆಸರು ನೋಡಿದ. ಮುಂದಿನ ಹೆಸರು ಸೆಲಾಮಿಯದು. ಸೆಲಾಮಿ ಒಂದು ನಿಮಿಷ ದುಃಖದ ಮುಖ ಮಾಡಿಕೊಂಡ, ಆಮೇಲೆ ಒಲೆಯ ಹಿಂದಿನಿಂದ ತನ್ನಪ್ಪನ ಕಾಲದ ಜೋಡಿ ನಳಿಗೆಯ ಬಂದೂಕನ್ನು ತೆಗೆದು ತೋರಿಸಿದ. "ನಿಂಗೋಸ್ಕರ ನಿಲ್ತೀನಿ ಕಣೋ," ಅಂದ. "ನೀನು ನಾಳೆ ಹಂದೀನ ಸ್ವಲ್ಪ ಎಡಕ್ಕೆ ಓಡಿಸು."

ನೆವ್ಜಾತ್ ಬಾರನ್ನು ಕೈಗೆ ಸುತ್ತಿಕೊಂಡು ಮನೆಗೆ ಬಂದ. ದಾರಿಯುದ್ದಕ್ಕೂ ಎರಡೂ ಕೇರಿಯ ಲೇತ್‌ಗಳು ಗುಂಯ್‌ಗುಡುತ್ತಿದ್ದವು, ಎಲ್ಲ ಮನೆಯಲ್ಲೂ ದೀಪ ಹಚ್ಚಿತ್ತು. ಹಾಜೆರ್ ಬಾಗಿಲಲ್ಲೇ ನಿಂತಿದ್ದಳು.

"ಬಂದೂಕು ಎಲ್ರೀ?"

ಅವನು ಹೊಸ್ತಿಲ ಮೇಲೆ ಕೂತು ಎಲ್ಲವನ್ನೂ ಹೇಳಿದ. ಆಡಿನಿಂದ ಹಿಡಿದು ಗೆರ್ರೆಂದು ಎಳೆದ ಪೆನ್ಸಿಲ್ಲಿನವರೆಗೆ ಹೇಳಿದ. ಹೇಳುತ್ತ ಹೇಳುತ್ತ ಅವಳ ಕಣ್ಣಲ್ಲಿ ನೀರು ತುಂಬಿದ್ದನ್ನು ಕಂಡ. ಸದ್ಯ, ಇಡೀ ಊರಿನಲ್ಲಿ ನನ್ನ ಕಷ್ಟ ತಿಳಿದವಳು ಒಬ್ಬಳಾದರೂ ಇದ್ದಾಳಲ್ಲ ಅನ್ನಿಸಿತು ಅವನಿಗೆ.

"ಊರಿಗೆಲ್ಲ ಒಂದೊಂದು ಚೂರು ಕೊಟ್ರಿ," ಅಂದಳು ಹಾಜೆರ್. "ಕಟ್ಕೊಂಡ ಹೆಂಡತಿಗೆ ಒಂದು ಸ್ಕ್ರೂನೂ ತರ್ಲಿಲ್ವಲ್ರೀ?"

ಅವನು ಬಾಯಿ ತೆರೆಯುವ ಮುಂಚೆಯೇ ಅವಳು ಅವನ ಕೈಯಿಂದ ಬಾರನ್ನು ಕಿತ್ತುಕೊಂಡು ದೀಪಕ್ಕೆ ಹಿಡಿದಳು.

"ಇದು ಯಾರ ಹೊಲಿಗೆ? ಥೂ, ಇದೂ ಒಂದು ಹೊಲಿಗೇನಾ?" ಎಂದು ಕತ್ತರಿ ಎತ್ತಿಕೊಂಡು ಕಿಟಕಿಯ ಬಳಿ ಕೂತಳು. "ಪೂರ್ತಿ ಬಿಚ್ಚಿ ಹೊಲೀತೀನಿ. ಅವಸರ ಮಾತ್ರ ಮಾಡ್ಬೇಡಿ."